‘ಇಲಿ ಬಿತ್ತು’: ಒಂದು ಮಾತಿನ ಹಿಂದಿನ ವಂಶಗುಣ

ಕಾಳು ತುಂಬಿಡುವ ನೆಲದಡಿಯ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಮತ್ತಷ್ಟು ಹೊತ್ತು ಕಾಯಬೇಕಿತ್ತು. ಲಿಂಗಸುಗೂರಿನಿಂದ ತಿಂಥಣಿಯತ್ತ ಹೋಗುವ ದಾರಿಯ ಗುರುಗುಂಟಾದ ಸುತ್ತಲಿನ ಜೋಳದ ಸೀಮೆಯಲ್ಲಿ ಕಾಳು ಕಾಪಾಡುತ್ತಿದ್ದ ಬಗೆ ಇದು. ಕಾಳಿನ ಉಸಿರಾಟಕ್ಕೇ ಒಳಗಿನ ಆಮ್ಲಜನಕ ತೀರಿ ನುಸಿ ಸಾಯುತ್ತದೆ. ಇಲಿಯ ಕಥೆ ಬೇರೆ. ಕಣದಲ್ಲಿ ಚೆಲ್ಲಿದ್ದು, ಗುಮ್ಮಿಯಿಂದ ಸೋರಿದ್ದು ಅದಕ್ಕೆ ಸಾಕು. ಜೋಳ ಇರುವಲ್ಲಿ ಇಲಿಯೂ ಇದೆ.

ಇಲಿ ಇದ್ದಲ್ಲಿ ಪ್ಲೇಗಿನ ಭಯವೂ ಇತ್ತು. ಪ್ಲೇಗಿನ ಕಾಲದ ಮಾತು ‘ಇಲಿ ಬಿತ್ತು’. ಇಲಿ ಸತ್ತು ಬಿತ್ತೆಂದರೆ ಪ್ಲೇಗು ಬಂತೆಂದೇ ಅರ್ಥ, ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಬೇಕು. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ ಓದಿದವರಿಗೆ ಸತ್ತು ಬೀಳುವ ಇಲಿಗಳು ಹೊಸವಲ್ಲ. ಆದರೆ ಒಂದೂರಿನಲ್ಲಿ ಬಿದ್ದ ಇಲಿ ಇನ್ನೊಂದೂರಿನಲ್ಲಿ ಯಾಕೆ ಬೀಳಲಿಲ್ಲ? ಈ ಟಿಪ್ಪಣಿಯ ಪ್ರಶ್ನೆ ಅದು.

ಪ್ಲೇಗು 1896ರಲ್ಲಿ ಮುಂಬಯಿಗೂ, ಮರುವರ್ಷ ಹುಬ್ಬಳ್ಳಿಗೂ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂತು. ಮದರಾಸು ನಗರ ಹೆಚ್ಚುಕಡಿಮೆ ಪಾರಾಯಿತು. 1905ರಿಂದ ಮುಂಬಯಿಯ ಪರೇಲಿನಲ್ಲಿ ಕೆಲಸ ಮಾಡಿದ ಪ್ಲೇಗ್ ಆಯೋಗದವರು ಈ ಎರಡೂ ನಗರಗಳ ಇಲಿಗಳಿಗೆ ಪ್ಲೇಗಿನ ಬ್ಯಾಕ್ಟೀರಿಯ ಕೊಟ್ಟು ನೋಡಿದರು. ಮದರಾಸಿನವು ಬಹುಪಾಲು ಸತ್ತವು. ಮುಂಬಯಿಯವುಗಳಲ್ಲಿ ಬಹಳಷ್ಟು ಉಳಿದುಕೊಂಡವು. ರೋಗ ಹೆಚ್ಚು ಕಾಡಿದ ಊರಿನ ಇಲಿಯೇ ಹೆಚ್ಚು ಗಟ್ಟಿ. 1937ರಲ್ಲಿ ಹಾಫ್ಕಿನ್ ಸಂಸ್ಥೆಯ ಸಂಶೋಧಕರಾದ ಸೋಖಿ ಮತ್ತು ಚಿತ್ರೆ ಭಾರತದ ಇಲಿಗಳ ಬಗ್ಗೆ ಬರೆದಾಗಲೂ ಊರಿಂದೂರಿಗೆ ಇಂಥದೇ ವ್ಯತ್ಯಾಸ ಕಂಡಿತ್ತು.

ಉಳಿದ ಇಲಿಗಳಿಗೆ ಮೊದಲೇ ಸಣ್ಣಗೆ ರೋಗ ಬಂದು ಹೋಗಿತ್ತು, ಆ ಬಲದಿಂದ ಬದುಕಿದವು ಎಂದು ಆಕ್ಷೇಪಿಸಬಹುದು. ಒಂದಷ್ಟು ಇಲಿಗಳ ಮಟ್ಟಿಗೆ ಅದು ನಿಜವಿರಲೂಬಹುದು. ಆದರೆ ಇಲಿಯ ಆಯುಸ್ಸು ಒಂದೆರಡು ವರ್ಷ. ಮೂರು ನಾಲ್ಕು ತಿಂಗಳಿಗೇ ಅದು ಮರಿ ಹಾಕುತ್ತದೆ. ಒಂದು ಇಲಿ ರೋಗದಿಂದ ಗಳಿಸಿದ ಬಲ ಆ ಇಲಿಯೊಂದಿಗೇ ಮುಗಿಯುತ್ತದೆ. ಊರಿಡೀ ಇಲಿಗಳಲ್ಲಿ ದಶಕಗಟ್ಟಲೆ ನಿಲ್ಲುವುದು ವಂಶದಲ್ಲಿ ಇಳಿದು ಬಂದ ಗುಣ ಎಂದೇ ನಾನು ಓದುತ್ತೇನೆ. ದುರ್ಬಲವಾದವು ಬಿದ್ದವು, ಬೀಳದವು ಮರಿ ಹಾಕಿದವು.

ವಂಶಗುಣ ಅಂದರೆ ಯಾವ ಗುಣ? ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು ಪ್ರಯೋಗಾಲಯದ ಸುಂಡಿಲಿಯಲ್ಲಿ, ಅದೂ ಬೇರೆ ಬ್ಯಾಕ್ಟೀರಿಯದಿಂದ. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ತಗಲಿದರೆ ಸಿ57ಬಿಎಲ್/6 ಮತ್ತು ಬಾಲ್ಬ್/ಸಿ ತಳಿಯ ಸುಂಡಿಲಿಗಳು ಒಂದು ವಾರದ ಆಸುಪಾಸಿನಲ್ಲಿ ಸಾಯುತ್ತವೆ. ‘129’ ಎಂಬ ತಳಿಯವು ಅದೇ ಪ್ರಮಾಣವನ್ನು ತಾಳಿಕೊಳ್ಳುತ್ತವೆ. ಇದಕ್ಕೆ ಕಾರಣವಾದ ಎನ್‌ರ‍್ಯಾಂಪ್1 ಜೀನನ್ನು 1993ರಲ್ಲಿ ಮಾಂಟ್ರಿಯಲ್‌ನ ಗ್ರೋ, ಸ್ಕಮೀನ್ ಮತ್ತು ಸಂಗಡಿಗರು ಗುರುತಿಸಿದರು. ರಕ್ಷಕ ಕೋಶ ಬ್ಯಾಕ್ಟೀರಿಯವನ್ನು ನುಂಗಿ ಒಂದು ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಆ ಚೀಲದಿಂದ ಕಬ್ಬಿಣ, ಮ್ಯಾಂಗನೀಸ್ ಅಂಶವನ್ನು ಹೊರಹಾಕುವ ಪಂಪು ಈ ಜೀನಿನ ಪ್ರೋಟೀನು. ಲೋಹ ಸಿಗದ ಬ್ಯಾಕ್ಟೀರಿಯ ಸೊರಗುತ್ತದೆ. ದುರ್ಬಲ ತಳಿಗಳಲ್ಲಿ 169ನೆಯ ಸ್ಥಾನದ ಗ್ಲೈಸಿನ್ ಹೋಗಿ ಆಸ್ಪಾರ್ಟಿಕ್ ಆಮ್ಲ ಕುಳಿತಿದೆ. ವ್ಯತ್ಯಾಸ ಇಷ್ಟೇ, ಪಂಪು ಕೆಟ್ಟಿದೆ. (ಲೋಕದ ಲ್ಯಾಬುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಇವೇ ತಳಿಗಳು. ‘ಇಲಿಗಳಲ್ಲಿ ಸಾಬೀತಾಗಿದೆ’ ಎಂಬ ಸುದ್ದಿ ಓದುವಾಗ ಯಾವ ಇಲಿ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಇದರಿಂದಲೇ.)

ಹಾಗೆಂದು ‘ಗಟ್ಟಿ ತಳಿ’ ಎಂದು ಒಂದು ತಳಿಗೆ ಪಟ್ಟ ಕಟ್ಟುವುದೂ ತಪ್ಪು. ಎ/ಜೆ ತಳಿಯಲ್ಲಿ ಈ ಪಂಪು ಚೆನ್ನಾಗಿದೆ, ಆದರೂ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯ ಅದರ ಕೋಶಗಳಲ್ಲಿ ಸಲೀಸಾಗಿ ಬೆಳೆಯುತ್ತದೆ. ಅಲ್ಲಿ ಕೊರತೆ ನೈಪ್5 ಎಂಬ ಇನ್ನೊಂದು ಜೀನಿನದು. ಸಿ3ಎಚ್/ಎಚ್‌ಇಜೆ ತಳಿಯದು ಇನ್ನೂ ವಿಚಿತ್ರ. ಬ್ಯಾಕ್ಟೀರಿಯದ ಎಂಡೋಟಾಕ್ಸಿನ್ ವಿಷವನ್ನು ಚುಚ್ಚಿದರೆ ಅದು ಜಗ್ಗುವುದಿಲ್ಲ, ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಬೇಗ ಸೋಲುತ್ತದೆ. ವಿಷವನ್ನು ಗುರುತಿಸಬೇಕಾದ ಟಿಎಲ್‌ಆರ್4 ಎಂಬ ಜೀನು ಕೆಟ್ಟಿರುವುದೇ ಎರಡಕ್ಕೂ ಕಾರಣ ಎಂದು ವಿಜ್ಞಾನಿ ಬಾಯ್ಟ್ಲರ್ ಅವರ ತಂಡ 1998ರಲ್ಲಿ ತೋರಿಸಿತು. ಕಳ್ಳನನ್ನು ಕಂಡು ಬೊಗಳದ ನಾಯಿಯಿಂದ ನಿದ್ದೆಯೇನೋ ಕೆಡುವುದಿಲ್ಲ, ಮನೆ ಮಾತ್ರ ಉಳಿಯುವುದಿಲ್ಲ.

ಪ್ಲೇಗಿಗೆ ಬಂದರೆ ಒಂದೇ ಜೀನಿನ ಸರಳತೆ ಇಲ್ಲ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯವರು ಮುಸ್ ಸ್ಪ್ರೆಟಸ್ ಎಂಬ ಕಾಡು ಸುಂಡಿಲಿಯಿಂದ ಬಂದ ತಳಿಯೊಂದು ಪ್ಲೇಗನ್ನು ತಾಳುವುದನ್ನು ಕಂಡು, ಆ ಗುಣ 3, 4 ಮತ್ತು 6ನೆಯ ಕ್ರೋಮೋಸೋಮುಗಳ ಭಾಗಗಳಲ್ಲಿ ಹಂಚಿಹೋಗಿದೆ ಎಂದು ಗುರುತಿಸಿದ್ದಾರೆ.

ಗಟ್ಟಿ ಇಲಿ ಜನರಿಗೆ ಅಪಾಯವೋ ಅನುಕೂಲವೋ? ಇಲಿ ಸತ್ತು ತಣ್ಣಗಾದಾಗಲೇ ಚಿಗಟ ಅದನ್ನು ಬಿಟ್ಟು ಮನುಷ್ಯನತ್ತ ನೆಗೆಯುವುದು. ಮನೆ ಇಲಿ ಬೀಳದಿದ್ದರೆ ಮನೆಯವರಿಗೆ ಅಷ್ಟರ ಮಟ್ಟಿಗೆ ಕ್ಷೇಮ. ಆದರೆ ಬೀಳದ ಇಲಿ ಸುಳಿವನ್ನೂ ಕೊಡುವುದಿಲ್ಲ. ಕೋಲಾರದ ಗಡಿಯಲ್ಲಿ, ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಜಾಗದಲ್ಲಿ, ಜರ್ಬಿಲ್ ಎಂಬ ಹೊಲದ ಇಲಿಗಳ ನಡುವೆ ಪ್ಲೇಗು ಹಿಂದೆ ಸದ್ದಿಲ್ಲದೆ ನೆಲೆಸಿತ್ತು. ಅಲ್ಲಿ ಸತ್ತ ಇಲಿಗಾಗಿ ಕಾಯುತ್ತ ಕೂರಲಾಗದು. ಬೆಂಗಳೂರಿನ ಪ್ಲೇಗ್ ಕಣ್ಗಾವಲು ಘಟಕದವರು ಬಲೆಗೆ ಬಿದ್ದ ಇಲಿಗಳ ರಕ್ತದ ಜೊತೆಗೆ ಹಳ್ಳಿ ನಾಯಿಗಳ ರಕ್ತವನ್ನೂ ಪರೀಕ್ಷಿಸುತ್ತಾರೆ. ಇಲಿ ತಿಂದ ನಾಯಿ ಸಾಮಾನ್ಯವಾಗಿ ಸಾಯುವುದಿಲ್ಲ. ತಿಂದ ಇಲಿಯಲ್ಲಿ ಏನಿತ್ತು ಎಂಬುದರ ಗುರುತು ಅದರ ರಕ್ತದಲ್ಲಿ ಉಳಿದಿರುತ್ತದೆ.