ಅಸೈನ್‌ಮೆಂಟಿನ ಹಿಂದಿನ ರಾತ್ರಿ

ಸೆಮಿಸ್ಟರು ಮುಗಿಯುವ ವಾರದಲ್ಲಿ ಯಾವುದಾದರೂ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ನಿದ್ದೆಗೆಟ್ಟ ಕಣ್ಣುಗಳು, ಕೈಯಲ್ಲಿ ಬಿಡಿ ಹಾಳೆಗಳು, ಬೈಂಡಿಂಗಿಗಾಗಿ ನೂಕುನುಗ್ಗಲು. ಎರಡು ಮೂರು ತಿಂಗಳ ಹಿಂದೆ ಕೊಟ್ಟ ಅಸೈನ್‌ಮೆಂಟು ಹಿಂದಿನ ರಾತ್ರಿ ಬರೆದು ಮುಗಿದಿರುತ್ತದೆ. ಅದೂ ಬಹುಪಾಲು ಗೆಳತಿಯ ಪುಸ್ತಕ ನೋಡಿ. ಇದನ್ನು ಕಂಡ ಹಿರಿಯರು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಮೂದಲಿಸುವುದು ರೂಢಿ. ಹುಡುಗರಲ್ಲಿ ಸೋಮಾರಿತನ ಇಲ್ಲವೆಂದು ಯಾರೂ ವಾದಿಸಲಾರರು. ಆದರೆ ಈ ಅಭ್ಯಾಸಕ್ಕೆ ನಮ್ಮ ವಿಶ್ವವಿದ್ಯಾಲಯಗಳಷ್ಟೇ ವಯಸ್ಸಾಗಿದೆ ಎಂಬುದನ್ನು ಮೂದಲಿಸುವವರು ಮರೆಯುತ್ತಾರೆ.

1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣ ಕುರಿತ ಆದೇಶಪತ್ರದ ಫಲವಾಗಿ 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಿಗೆ ಮಾದರಿ ಆಕ್ಸ್‌ಫರ್ಡ್ ಅಲ್ಲ, ಲಂಡನ್ ವಿಶ್ವವಿದ್ಯಾಲಯ. ಆಗಿನ ಲಂಡನ್ ವಿಶ್ವವಿದ್ಯಾಲಯ ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅದರ ಕೆಲಸ. ನಮ್ಮ ಮೂರೂ ಅದೇ ಅಚ್ಚಿನಲ್ಲಿ ಎರಕಗೊಂಡವು. ಪಾಠ ಕಾಲೇಜುಗಳಲ್ಲಿ, ತೀರ್ಪು ಬೇರೆಲ್ಲೋ. ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆ 1858ರಲ್ಲಿ ನಡೆದಾಗ ತೇರ್ಗಡೆಯಾದವರು ಇಬ್ಬರೇ, ಅದೂ ಕೃಪಾಂಕದ ಬಲದಿಂದ. ಅವರಲ್ಲಿ ಒಬ್ಬರು ಮುಂದೆ ಕಾದಂಬರಿಕಾರರಾಗಿ ಹೆಸರಾದ ಬಂಕಿಮಚಂದ್ರ ಚಟ್ಟೋಪಾಧ್ಯಾಯ.

ಈ ವ್ಯವಸ್ಥೆಗೆ ಒಂದು ನ್ಯಾಯ ಇತ್ತು. ವಿದ್ಯಾರ್ಥಿಯ ಮುಖ, ಮನೆತನ, ಜಾತಿ ಯಾವುದನ್ನೂ ಅರಿಯದ ಪರೀಕ್ಷಕ ಉತ್ತರವನ್ನು ಮಾತ್ರ ನೋಡುತ್ತಾನೆ. ನಮ್ಮಂಥ ಸಮಾಜದಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ವರ್ಷವಿಡೀ ಬರೆದದ್ದಕ್ಕೆ ಲೆಕ್ಕವಿಲ್ಲ, ಮೂರು ಗಂಟೆಯಲ್ಲಿ ಬರೆದದ್ದೇ ಲೆಕ್ಕ ಎಂದಾದ ಮೇಲೆ ಓದೆಲ್ಲ ಪರೀಕ್ಷೆಯ ಹಿಂದಿನ ದಿನಗಳಿಗೆ ಜಾರಿಕೊಂಡಿತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳೂ 1916ರವರೆಗೆ ಮದರಾಸಿನ ಪರೀಕ್ಷೆಗೇ ಹುಡುಗರನ್ನು ತಯಾರು ಮಾಡುತ್ತಿದ್ದವು. ಆ ವರ್ಷ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮದರಾಸಿನ ಹಂಗು ತಪ್ಪಿದರೂ ವಾರ್ಷಿಕ ಪರೀಕ್ಷೆಯ ಹಂಗು ತಪ್ಪಲಿಲ್ಲ.

ಹಾಗಾದರೆ ವಿದ್ಯಾರ್ಥಿ ತಾನೇ ಓದಿ, ಬರೆದು, ನಿಗದಿಯಾದ ದಿನ ಒಪ್ಪಿಸುವ ಪ್ರಬಂಧ ಎಲ್ಲಿಂದ ಬಂತು? ಇದರ ಒಂದು ಮುಖ್ಯ ಮೂಲ ಜರ್ಮನಿಯಲ್ಲಿದೆ. 18ನೆಯ ಶತಮಾನದಲ್ಲಿ ಗಾಟಿಂಗೆನ್, ಹಾಲೆ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಭಾಷೆಗಳ ಅಧ್ಯಯನಕ್ಕಾಗಿ ‘ಸೆಮಿನಾರ್’ ಎಂಬ ಸಣ್ಣ ಗುಂಪುಗಳು ಹುಟ್ಟಿಕೊಂಡವು. 19ನೆಯ ಶತಮಾನದಲ್ಲಿ ಬರ್ಲಿನ್ನಿನ ಇತಿಹಾಸಕಾರ ರಾಂಕೆ ತನ್ನ ಶಿಷ್ಯರನ್ನು ಮನೆಯಲ್ಲೇ ಕೂಡಿಸಿಕೊಂಡು ಇಂಥದೇ ಅಭ್ಯಾಸ ಮಾಡಿಸಿದ. ಕ್ರಮ ಹೀಗಿತ್ತು: ಒಬ್ಬ ವಿದ್ಯಾರ್ಥಿ ಒಂದು ವಿಷಯದ ಮೇಲೆ ಬರೆದು ತರಬೇಕು, ಉಳಿದವರು ಅದನ್ನು ಜಾಲಾಡಬೇಕು, ಕೊನೆಗೆ ಗುರು ಮಾತನಾಡಬೇಕು. ಆಕ್ಸ್‌ಫರ್ಡಿನ ಟ್ಯುಟೋರಿಯಲ್ಲಿನಲ್ಲೂ ಇದರ ಇನ್ನೊಂದು ರೂಪ ಬೆಳೆಯಿತು. ಅಲ್ಲಿ ವಿದ್ಯಾರ್ಥಿ ವಾರಕ್ಕೊಂದು ಪ್ರಬಂಧ ಬರೆದು ಗುರುವಿನ ಎದುರು ಕೂತು ಗಟ್ಟಿಯಾಗಿ ಓದುತ್ತಿದ್ದ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬರೆದದ್ದನ್ನು ಓದುವವರು ಯಾರೆಂದು ಬರೆಯುವವನಿಗೆ ಗೊತ್ತಿತ್ತು. ಗುರುವಾರ ಸಂಜೆ ನಾಲ್ಕು ಗಂಟೆಗೆ ಗೆಳೆಯರು ಕಾದು ಕುಳಿತಿರುತ್ತಾರೆ ಎಂದರೆ ಬುಧವಾರದೊಳಗೆ ಏನಾದರೂ ಬರೆದೇ ಇರಬೇಕು. ಬರೀ ಗೈಗಳಲ್ಲಿ ಹೋದರೆ ಹೋಗುವುದು ಅಂಕವಲ್ಲ, ಮಾನ!

ನಮ್ಮಲ್ಲಿ ಈ ಮಾತು ಯಾರಿಗೂ ಹೊಳೆಯಲಿಲ್ಲ ಎಂದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ ನೇಮಕವಾದ ರಾಧಾಕೃಷ್ಣನ್ ಆಯೋಗ ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸುವುದಾದರೆ ಅದು ಪರೀಕ್ಷೆಯದೇ ಆಗಬೇಕು ಎಂದಿತು. ಪ್ರತಿ ವಿಷಯದ ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ವರ್ಷವಿಡೀ ಮಾಡಿದ ಕೆಲಸಕ್ಕೆ ಮೀಸಲಿಡಬೇಕೆಂದೂ ಅದು ಶಿಫಾರಸು ಮಾಡಿತ್ತು.

ವಿಚಿತ್ರವೆಂದರೆ, ಅಸೈನ್‌ಮೆಂಟನ್ನು ಪದ್ಧತಿಯಾಗಿ ಗಟ್ಟಿಗೊಳಿಸಿದ್ದು ತರಗತಿಗಳಲ್ಲ, ಅಂಚೆ ಇಲಾಖೆ! ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಪಾಠ ಆರಂಭಿಸಿದಾಗ ವಿದ್ಯಾರ್ಥಿಗಳು ಮನೆಯಲ್ಲೇ ಬರೆದು ಗೊತ್ತಾದ ತಾರೀಖುಗಳಿಗೆ ಟಪಾಲಿಗೆ ಹಾಕಬೇಕಿತ್ತು. ಬೋಧಕ ಅದನ್ನು ತಿದ್ದಿ, ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಿದ್ದ. ಒಂದೇ ದೊಡ್ಡ ಗಡುವಿಗೆ ಬದಲು ವರ್ಷದುದ್ದಕ್ಕೂ ಹಂಚಿದ ಸಣ್ಣ ಸಣ್ಣ ಗಡುವುಗಳು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ ಸ್ಥಾಪನೆಯಾದ ಮೇಲೆ ಭಾರತದಲ್ಲೂ ಈ ಕ್ರಮ ಬೇರೂರಿತು. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಮಾಮೂಲಿ ಕಾಲೇಜುಗಳಿಗೆ ಸೆಮಿಸ್ಟರು, ಆಂತರಿಕ ಅಂಕಗಳು ಬಂದದ್ದು ನಿಧಾನವಾಗಿ. ಬಂದರೂ ಮನೆ ಹಳೆಯದೇ ಉಳಿಯಿತು. ಒಬ್ಬ ಅಧ್ಯಾಪಕರಿಗೆ ಎಂಬತ್ತು ಹುಡುಗರ ಮೂರು ತರಗತಿ ಎಂದರೆ ಒಂದು ಸುತ್ತಿಗೆ ಇನ್ನೂರ ನಲವತ್ತು ಅಸೈನ್‌ಮೆಂಟು. ಒಂದನ್ನು ಹತ್ತು ನಿಮಿಷ ಓದಿದರೂ ನಲವತ್ತು ಗಂಟೆ ಬೇಕು. ಓದಲಾಗದು. ಓದುವುದಿಲ್ಲವೆಂದು ಹುಡುಗರಿಗೂ ಗೊತ್ತು. ಹೀಗೆ ಎಲ್ಲ ವಿಷಯಗಳವರೂ ಒಂದೇ ವಾರದಲ್ಲಿ ಕೇಳುತ್ತಾರೆ, ಹುಡುಗರು ಒಂದೇ ರಾತ್ರಿಯಲ್ಲಿ ಬರೆಯುತ್ತಾರೆ.

ಇದರಿಂದ ಕೆಡುವುದು ಬರವಣಿಗೆ ಮಾತ್ರವಲ್ಲ. 1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡಯಾನ್ ಟೈಸ್ ಮತ್ತು ರಾಯ್ ಬಾಮೈಸ್ಟರ್ ತಮ್ಮ ವಿದ್ಯಾರ್ಥಿಗಳನ್ನೇ ಒಂದು ಸೆಮಿಸ್ಟರಿನುದ್ದಕ್ಕೂ ಗಮನಿಸಿ ವರದಿ ಪ್ರಕಟಿಸಿದರು. ಕೆಲಸ ಮುಂದೂಡುವ ಸ್ವಭಾವದವರು ಆರಂಭದ ವಾರಗಳಲ್ಲಿ ಉಳಿದವರಿಗಿಂತ ಹಾಯಾಗಿದ್ದರು. ಗಡುವು ಹತ್ತಿರವಾದಂತೆ ಲೆಕ್ಕ ತಿರುಗಿಬಿತ್ತು. ಒತ್ತಡವೂ ಕಾಯಿಲೆಯ ದೂರುಗಳೂ ಅವರಲ್ಲೇ ಹೆಚ್ಚಾದವು, ಒಟ್ಟು ಮೊತ್ತದಲ್ಲೂ ಅವರೇ ಹೆಚ್ಚು ನರಳಿದ್ದರು. ಪ್ರಬಂಧದ ಅಂಕವೂ ಕಡಿಮೆ. ‘ಒತ್ತಡವಿದ್ದರೇ ನನ್ನ ಲೇಖನಿ ಓಡುವುದು’ ಎನ್ನುವವರು ಇದನ್ನು ಗಮನಿಸಬಹುದು. ಅಧ್ಯಯನಕ್ಕೆ ಒಳಗಾದವರ ಸಂಖ್ಯೆ ದೊಡ್ಡದಲ್ಲ, ನಿಜ. ಆದರೆ ಹಾಸ್ಟೆಲಿನಲ್ಲಿ ಇದ್ದವರಿಗೆ ಈ ಫಲಿತಾಂಶ ಹೊಸದೆನಿಸಲಾರದು.

ವ್ಯವಸ್ಥೆ ಬದಲಾಗುವವರೆಗೆ ಕಾಯಲು ಇಂದಿನ ವಿದ್ಯಾರ್ಥಿಗೆ ಪುರುಸೊತ್ತಿಲ್ಲ. ಅವನು ಅಥವಾ ಅವಳು ಹಳೆಯ ಸೆಮಿನಾರಿನಿಂದ ಒಂದು ಉಪಾಯವನ್ನು ಎರವಲು ಪಡೆಯಬಹುದು. ಮೂವರು ಗೆಳೆಯರು ಸೇರಿ, ಕಾಲೇಜು ಕೊಟ್ಟ ತಾರೀಖಿಗೆ ಹತ್ತು ದಿನ ಮೊದಲು ಒಂದು ಸಂಜೆ ಗೊತ್ತು ಮಾಡಿಕೊಳ್ಳುವುದು. ಅಂದು ಪ್ರತಿಯೊಬ್ಬರೂ ತಮ್ಮ ಕರಡನ್ನು ಉಳಿದಿಬ್ಬರ ಎದುರು ಓದುವುದು. ಕರಡು ಅರೆಬರೆ ಇದ್ದರೂ ಚಿಂತೆಯಿಲ್ಲ. ಅಸೈನ್‌ಮೆಂಟು ಕೊಟ್ಟ ದಿನವೇ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಅರ್ಧ ಪುಟ ಬರೆದಿಟ್ಟುಕೊಂಡವರಿಗೆ ಆ ಸಂಜೆ ಇನ್ನೂ ಸುಲಭ. ಲೈಬ್ರರಿಯಲ್ಲಿ ಬೇಕಾದ ಪುಸ್ತಕವೂ ಆಗಿನ್ನೂ ಕಪಾಟಿನಲ್ಲೇ ಇರುತ್ತದೆ. ಕೊನೆಯ ವಾರದಲ್ಲಿ ಅದು ಯಾರ ಚೀಲದಲ್ಲಿರುತ್ತದೋ ಲೈಬ್ರರಿಯನ್ನರಿಗೇ ಗೊತ್ತು.