ಕೋಲ್‌ಸ್ಲಾ: ರಾಜ್ಯ ಅಳಿದರೂ ಉಳಿದ ರುಚಿ

ಅಮೆರಿಕದಲ್ಲಿ ಕರಿದ ಕೋಳಿಯನ್ನೋ ಕೆಂಡದಲ್ಲಿ ಸುಟ್ಟ ಮಾಂಸವನ್ನೋ ಬಡಿಸುವ ಊಟದ ಮನೆಗಳಲ್ಲಿ ತಟ್ಟೆಯ ಪಕ್ಕಕ್ಕೊಂದು ಪುಟ್ಟ ಬಟ್ಟಲು ಇಡುವುದು ವಾಡಿಕೆ. ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು, ಒಂದಿಷ್ಟು ಕ್ಯಾರೆಟ್ ತುರಿ, ಅವುಗಳಿಗೆ ಅಂಟಿಕೊಂಡ ಕೆನೆಯಂಥ ಹುಳಿ ಲೇಪ. ಇದೇ ಕೋಲ್‌ಸ್ಲಾ. ಅಪ್ಪಟ ಅಮೆರಿಕನ್ ತಿನಿಸೆನಿಸಿರುವ ಇದರ ಹೆಸರಿನಲ್ಲಿ ಎಂದೋ ಅಳಿದುಹೋದ ವಸಾಹತೊಂದರ ಗುರುತು ಉಳಿದಿದೆ.

ಇಂದಿನ ನ್ಯೂಯಾರ್ಕ್ ಒಂದು ಕಾಲಕ್ಕೆ ನ್ಯೂ ಆ್ಯಮ್‌ಸ್ಟರ್‌ಡ್ಯಾಮ್ ಆಗಿತ್ತು. 1620ರ ದಶಕದಲ್ಲಿ ಹಡ್ಸನ್ ನದಿಯ ದಡದಲ್ಲಿ ನೆಲೆಯೂರಿದ ಡಚ್ಚರು ತಮ್ಮ ನಾಡಿನ ತರಕಾರಿಗಳನ್ನೂ ಅಡುಗೆಗಳನ್ನೂ ಜತೆಗೆ ತಂದರು. ಅವರ ಭಾಷೆಯಲ್ಲಿ 'ಕೋಲ್' ಎಂದರೆ ಎಲೆಕೋಸು. 'ಸ್ಲಾ' ಎಂಬುದು ಸಲಾಡ್ ಎಂಬ ಪದದ ಮೊಟಕು ರೂಪ. 1664ರಲ್ಲಿ ಇಂಗ್ಲಿಷರ ಹಡಗುಗಳು ಬಂದು ನಿಂತಾಗ ಊರು ಕಾದಾಟವಿಲ್ಲದೆ ಶರಣಾಯಿತು. ಊರಿನ ಹೆಸರೂ ಬದಲಾಯಿತು. ಆದರೆ ಅಡುಗೆಮನೆಗಳಲ್ಲಿ ಹಳೆಯ ಕ್ರಮವೇ ನಡೆದಿತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ ಸಸ್ಯವಿಜ್ಞಾನಿ ಪೇರ್ ಕಾಲ್ಮ್‌ನ ದಿನಚರಿ. ಸಸ್ಯಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್‌ನ ಶಿಷ್ಯನಾದ ಈತ 1749ರಲ್ಲಿ ಡಚ್ಚರು ಹೆಚ್ಚಾಗಿದ್ದ ಆಲ್ಬನಿ ಪಟ್ಟಣದಲ್ಲಿ ತಂಗಿದ್ದ. ಮನೆಯೊಡತಿ ಒಂದು ದಿನ, ಅವನು ಹಿಂದೆಂದೂ ಕಂಡಿರದ ಸಲಾಡ್ ಮಾಡಿದಳು. ಕೋಸಿನ ಒಳ ಎಲೆಗಳನ್ನು ಎರಡರಿಂದ ನಾಲ್ಕು ಮಿಲಿಮೀಟರ್ ಅಗಲದ ಎಳೆಗಳಾಗಿ ಹೆಚ್ಚಿ, ಎಣ್ಣೆ, ವಿನಿಗರ್, ಉಪ್ಪು, ಮೆಣಸಿನ ಪುಡಿ ಹಾಕಿ ಕಲಸಿದಳು. ಎಣ್ಣೆಯ ಬದಲು ಕರಗಿಸಿದ ಬೆಣ್ಣೆ ಹಾಕುವುದೂ ಉಂಟೆಂದು ಕಾಲ್ಮ್ ಬರೆದಿದ್ದಾನೆ. ರುಚಿಯನ್ನು ಅವನು ಮನಸಾರೆ ಮೆಚ್ಚಿದ. ಡಚ್ಚರ ಆಳ್ವಿಕೆ ಮುಗಿದು ಆಗಲೇ 85 ವರ್ಷಗಳಾಗಿದ್ದವು.

1796ರಲ್ಲಿ ಅಮೀಲಿಯಾ ಸಿಮನ್ಸ್ ಪ್ರಕಟಿಸಿದ 'ಅಮೆರಿಕನ್ ಕುಕರಿ' ಎಂಬ ಪುಸ್ತಕದಲ್ಲಿ 'ಸ್ಲಾ' ಪದ ಕಾಣಿಸಿಕೊಂಡಿತು. ಇತ್ತ ಡಚ್ ಭಾಷೆ ಬಾರದ ಜನರ ಕಿವಿಗೆ 'ಕೋಲ್' ಎಂಬುದು 'ಕೋಲ್ಡ್' ಎಂದು ಕೇಳಿಸಿತು. ತಿನ್ನುವುದು ತಣ್ಣಗೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. 'ಕೋಲ್ಡ್ ಸ್ಲಾ' ಇದ್ದ ಮೇಲೆ 'ಹಾಟ್ ಸ್ಲಾ' ಏಕಿರಬಾರದು? ಬಿಸಿ ಮಾಡಿದ ಕೋಸಿಗೆ ಆ ಹೆಸರೂ ಬಂತು!

ಇಂದಿನ ಕೆನೆಯಂಥ ಲೇಪ ಸೇರಿದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಗೃಹಿಣಿಯರು ಮೊಟ್ಟೆ, ವಿನಿಗರ್, ಸಾಸಿವೆಗಳನ್ನು ಕೂಡಿಸಿ ಕಾಯಿಸಿ ಗಟ್ಟಿ ಸಾರ ಮಾಡುತ್ತಿದ್ದರು. ಜರ್ಮನಿಯಿಂದ ವಲಸೆ ಬಂದ ರಿಚರ್ಡ್ ಹೆಲ್‌ಮನ್ 1905ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ. 1912ರ ಹೊತ್ತಿಗೆ ಆತ ಮೇಯೊನೀಸನ್ನು ಗಾಜಿನ ಜಾಡಿಗಳಲ್ಲಿ ತುಂಬಿ ಮಾರತೊಡಗಿದ ಮೇಲೆ ಮನೆಮನೆಯ ಕೆಲಸ ಹಗುರಾಯಿತು.

ಎಣ್ಣೆಯೂ ವಿನಿಗರೂ ತಾವಾಗಿ ಬೆರೆಯುವುದಿಲ್ಲ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಣ್ಣೆಯ ಸೂಕ್ಷ್ಮ ಹನಿಗಳು ಹುಳಿ ನೀರಿನಲ್ಲಿ ಒಂದಾಗದಂತೆ ಹಿಡಿದಿಡುತ್ತದೆ. ಮೇಯೊನೀಸ್ ಗಟ್ಟಿಯಾಗುವುದು ಹೀಗೆ. ಅದನ್ನು ಕೆಡಿಸುವುದು ಕೋಸು ಬಿಡುವ ನೀರು. ಉಪ್ಪು ತಗುಲಿದ ತರಕಾರಿ ನೀರು ಬಿಡುತ್ತದೆಂದೇ ನಮ್ಮ ಗೃಹಿಣಿಯರು ಕೋಸಂಬರಿಗೆ ಉಪ್ಪನ್ನು ಕೊನೆಗೆ ಹಾಕುತ್ತಾರೆ. ಇಲ್ಲಿ ಕ್ರಮ ತಿರುವುಮುರುವು. ಅರ್ಧ ಕಿಲೋ ಕೋಸನ್ನು ಎಳೆಎಳೆಯಾಗಿ ಹೆಚ್ಚಿ, ಒಂದು ಚಮಚ ಉಪ್ಪು ಸವರಿ, ಅರ್ಧ ಗಂಟೆ ಬಿಟ್ಟು ಹಿಂಡಬೇಕು. ಬಳಿಕ ಒಂದು ಕ್ಯಾರೆಟ್ಟಿನ ತುರಿ, ಆರು ಚಮಚ ಮೇಯೊನೀಸ್, ಎರಡು ಚಮಚ ಗಟ್ಟಿ ಮೊಸರು, ಒಂದೊಂದು ಚಮಚ ವಿನಿಗರ್ ಮತ್ತು ಸಕ್ಕರೆ, ತುಸು ಅರೆದ ಸಾಸಿವೆ, ಮೆಣಸಿನ ಪುಡಿ ಬೆರೆಸಿ ಒಂದು ಗಂಟೆ ತಂಪಿನಲ್ಲಿಟ್ಟರಾಯಿತು.

ತನ್ನಲ್ಲಿ ಉಂಡ ಎಷ್ಟೋ ಪರಸ್ಥಳದವರು ಮಾಡುವ ವಿಧಾನ ಕೇಳಿಕೊಂಡು ಹೋಗಿದ್ದಾರೆ, ಊರಿಗೆ ಮರಳಿ ಮಾಡಿಸುತ್ತೇವೆ ಎಂದಿದ್ದಾರೆ ಎಂದು ಆಲ್ಬನಿಯ ಆ ಮನೆಯೊಡತಿ ಕಾಲ್ಮ್‌ಗೆ ಹೇಳಿದ್ದಳಂತೆ. ಕೋಟೆ, ಅಧಿಕಾರಗಳು ಕಾಪಾಡಲಾಗದ ಡಚ್ಚರ ನೆನಪು ಬದುಕಿದ್ದು ಇಂಥ ಅಡುಗೆಮನೆಗಳಲ್ಲಿ.