ಶ್ರೀರಂಗಪಟ್ಟಣದ ಪದಕ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಹತನಾದ ಮೇಲೆ, ಮುತ್ತಿಗೆಯಲ್ಲಿ ಪಾಲ್ಗೊಂಡವರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಡಿಸಿದ ಪದಕವು ಸೈನಿಕ ಪದಕಗಳ ಸಂಗ್ರಾಹಕರಿಗೆ ಇಂದಿಗೂ ಕುತೂಹಲದ ವಸ್ತುವಾಗಿದೆ. ಶಿಲ್ಪಿ ಕ್ಯೂಖ್ಲರ್ ರೂಪಿಸಿದ ಇದರ ಮುಮ್ಮುಖದಲ್ಲಿ, ಅಂದರೆ ಮುಖ್ಯ ಚಿತ್ರವಿರುವ ಬದಿಯಲ್ಲಿ, ಬ್ರಿಟನ್ನಿನ ಸಿಂಹವು ಟಿಪ್ಪುವಿನ ಲಾಂಛನವಾದ ಹುಲಿಯನ್ನು ನೆಲಕ್ಕೆ ಕೆಡವಿ ಮೆಟ್ಟಿದ್ದು, ಮೇಲಿನ ಧ್ವಜದ ಮೇಲೆ ‘ದೇವರ ಸಿಂಹವೇ ವಿಜಯಿ’ ಎಂಬರ್ಥದ ಅರಬ್ಬಿ ಬರಹವಿದೆ. ಹಿಮ್ಮುಖದಲ್ಲಿ ಕೋಟೆಗೆ ಲಗ್ಗೆಯಿಡುವ ದೃಶ್ಯವೂ ಅದರಡಿಯಲ್ಲಿ ಪಾರಸಿ ಬರಹವೂ ಇವೆ. ಸೋತ ಅರಸನ ಲಾಂಛನವನ್ನೇ ಗೆದ್ದವರು ತಮ್ಮ ಎದೆಯ ಮೇಲೆ ಹೀಗೆ ಧರಿಸಿದ್ದು ಮೈಸೂರಿನ ಇತಿಹಾಸವನ್ನು ಓದುವವರನ್ನು ನೋಯಿಸದೆ ಇರದು.

ಪದಕವನ್ನು ಗುರುತಿಸುವಾಗ ಮೊದಲು ನೋಡಬೇಕಾದದ್ದು ಲೋಹ: ಉನ್ನತ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ಮುಲಾಮಿನ ಬೆಳ್ಳಿ, ಬೆಳ್ಳಿ ಮತ್ತು ಕಂಚು, ಸಾಮಾನ್ಯ ಸಿಪಾಯಿಗೆ ತವರ ಎಂಬ ಕ್ರಮವಿತ್ತು. ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊ ಟಂಕಸಾಲೆಯ ಪದಕಗಳು ಸುಮಾರು 48 ಮಿಲಿಮೀಟರ್ ಅಗಲವಾಗಿದ್ದರೆ, ಬಂಗಾಳದ ಪಡೆಗಳಿಗಾಗಿ ಕಲ್ಕತ್ತೆಯಲ್ಲಿ ಅಚ್ಚಾದವು ಸುಮಾರು 45 ಮಿಲಿಮೀಟರಿನಷ್ಟಿದ್ದು, ಕೆತ್ತನೆಯಲ್ಲಿಯೂ ಒರಟಾಗಿವೆ. ತೂಗುಹಾಕುವ ಕೊಂಡಿಯಿಲ್ಲದೆಯೇ ಇವನ್ನು ಹಂಚಿದ್ದರಿಂದ, ಪಡೆದವರು ತಮಗೆ ತೋಚಿದಂತೆ ಬಳೆ, ಕೊಕ್ಕೆಗಳನ್ನು ಬೆಸೆಸಿಕೊಂಡರು. ಆದುದರಿಂದ ಕೊಂಡಿ ಭಿನ್ನವಾಗಿದೆ ಎಂಬ ಕಾರಣಕ್ಕೇ ಪದಕವನ್ನು ನಕಲಿಯೆನ್ನಲಾಗದು. ತವರದ ಪದಕಗಳು ಮೆತುವಾದ ಲೋಹದವಾದ್ದರಿಂದ ಬೇಗ ಸವೆದು ಹುಲಿಯ ಮೈಪಟ್ಟೆಗಳು ಮಾಸಿಹೋಗುತ್ತವೆಯಾದರೂ, ಸಿಪಾಯಿಯ ಪಾಲಿಗೆ ಬಂದದ್ದು ಅವೇ ಆದುದರಿಂದ ಚಿನ್ನದವುಗಳಿಗಿಂತ ಹೆಚ್ಚಿನ ಆದರಕ್ಕೆ ಅರ್ಹವಾಗಿವೆ. ಪಡೆದವನ ಹೆಸರನ್ನು ಕೊರೆಯದೆ ಕೊಟ್ಟ ಕಾರಣ, ಮನೆತನದ ಕಾಗದಪತ್ರಗಳು ಜೊತೆಗಿಲ್ಲದಿದ್ದರೆ ಅದು ಯಾರದೆಂದು ಹೇಳುವುದು ಸಾಮಾನ್ಯವಾಗಿ ಕಷ್ಟ.